ಕೋವಿಯಪ್ಪನ ಹರಾಜು

ಟೆಕ್ಸಾಸಿನ ನಮ್ಮ ಬಡಾವಣೆಯಲ್ಲಿ ಕನ್ನಡದವರ ಮನೆ ನಾಲ್ಕಾರು ಇವೆ. ಅಷ್ಟೂ ಮನೆಯವರು ಸೇರಿ ಬೀದಿಯ ತುದಿಯ ಅಮೆರಿಕನ್ ಹಿರಿಯನೊಬ್ಬನಿಗೆ ಕೋವಿಯಪ್ಪ ಅಂತ ಹೆಸರಿಟ್ಟಿದ್ದೇವೆ. ಅವನಿಗಿದು ಗೊತ್ತಿಲ್ಲ, ಗೊತ್ತಾದರೆ ಖುಷಿಯೇ ಪಟ್ಟಾನು. ಇಂಥವನು ನಮ್ಮಲ್ಲಿ ಮಾತ್ರ ಇದ್ದಾನೆಂದಲ್ಲ. ಒಹಾಯೊ, ಪೆನ್ಸಿಲ್ವೇನಿಯಾ, ಮೊಂಟಾನಾ ಎಲ್ಲಿ ಹೋದರೂ ಊರಿಗೊಬ್ಬ ಸಿಗುತ್ತಾನೆ. ಅರವತ್ತೈದು ದಾಟಿದ್ದಾನೆ, ಪಿಂಚಣಿ ಬರುತ್ತದೆ, ಮಂಡಿ ನೋಯುತ್ತದೆ, ಗ್ಯಾರೇಜಿನಲ್ಲಿ ಆಳೆತ್ತರದ ಉಕ್ಕಿನ ತಿಜೋರಿ ಇದೆ. ತಿಜೋರಿ ಮಾರಿದವನು ಇದರಲ್ಲಿ ಇಪ್ಪತ್ನಾಲ್ಕು ಕೋವಿ ಹಿಡಿಯುತ್ತವೆ ಅಂದಿದ್ದ. ಹದಿನೈದಕ್ಕೇ ಬಾಗಿಲು ಮುಚ್ಚಲು ಭುಜ ಕೊಡಬೇಕಾಯಿತು. ಆವತ್ತು ಹೆಂಡತಿ ಕಾನೂನು ಮಾಡಿದಳು: ಒಂದು ಒಳಗೆ ಬರಬೇಕಾದರೆ ಒಂದು ಹೊರಗೆ ಹೋಗಬೇಕು. ಕೋವಿಯಪ್ಪ ಹರಾಜಿಗಿಳಿದದ್ದು ಹೀಗೆ.

ಹರಾಜು ಅಂದರೆ ಕಟ್ಟೆಯ ಮೇಲೆ ನಿಂತು ಕೂಗುವುದಲ್ಲ. ಈಬೇ 1999ರಲ್ಲಿ ಕೋವಿಗಳನ್ನು ತನ್ನ ಅಂಗಡಿಯಿಂದ ಹೊರಗೆ ಹಾಕಿತು. ಅದೇ ವರ್ಷ ಗನ್‌ಬ್ರೋಕರ್ ಅನ್ನುವ ಇನ್ನೊಂದು ಅಂಗಡಿ ತೆರೆಯಿತು. ದೇಶದ ಕೋವಿಯಪ್ಪಂದಿರೆಲ್ಲ ಅತ್ತ ಗುಳೆ ಹೋದರು.

ಯಾವುದನ್ನು ಮಾರುವುದು ಅನ್ನುವ ತೀರ್ಮಾನಕ್ಕೇ ವಾರಗಟ್ಟಲೆ ಬೇಕು. ಊಟದ ಮೇಜಿನ ಮೇಲೆ ಹಳೇ ಬೆಡ್‌ಶೀಟು ಹಾಸಿ ಎಲ್ಲವನ್ನೂ ಸಾಲಾಗಿ ಮಲಗಿಸುತ್ತಾನೆ. ಇದು ಅಪ್ಪನದು, ಮಾರುವಂತಿಲ್ಲ. ಇದು ಅಪ್ಪನದಲ್ಲ, ಆದರೆ ಅಪ್ಪನ ಹತ್ತಿರ ಇಂಥದ್ದೇ ಒಂದಿತ್ತು, ಹಾಗಾಗಿ ಇದನ್ನೂ ಮಾರುವಂತಿಲ್ಲ. ಈ ಮಾರ್ಲಿನ್ ರೈಫಲ್ಲು ಮೊಮ್ಮಗನಿಗೆ. ಮೊಮ್ಮಗ ಸಿಯಾಟಲ್ ಸೇರಿ ಮೊಟ್ಟೆಯನ್ನೂ ಬಿಟ್ಟಿದ್ದಾನೆ, ಆದರೂ ಇರಲಿ. ಕೋಲ್ಟ್ ಪೈಥಾನ್ ರಿವಾಲ್ವರಿನ ಮಾತನ್ನಂತೂ ಎತ್ತುವ ಹಾಗಿಲ್ಲ. ಅದರ ಖಾಲಿ ರಟ್ಟಿನ ಡಬ್ಬಿಯನ್ನು ಕೂಡ ಬಿಸಾಡುವ ಹಾಗಿಲ್ಲ, ಯಾಕೆಂದರೆ ಡಬ್ಬಿಯೊಂದನ್ನೇ ಹರಾಜಿನಲ್ಲಿ ಕೂಗುವ ಮಹಾನುಭಾವರಿದ್ದಾರೆ. ಹೀಗೆ ಸೋಸಿ ಸೋಸಿ ಕೊನೆಗೆ ಉಳಿಯುವುದು ಎರಡು ವಿಂಚೆಸ್ಟರ್ 94, ಕೆಳಗಿನ ಲಿವರ್ ಎಳೆದು ತೋಟಾ ಏರಿಸುವ ರೈಫಲ್ಲುಗಳು. ಖರ್ಚು ಉಳಿಸಲು ಕಂಪನಿ 1964ರಲ್ಲಿ ತಯಾರಿಕೆಯ ಕ್ರಮ ಬದಲಿಸಿತ್ತು. ಅದಕ್ಕೆ ಹಿಂದಿನದಕ್ಕೆ ಒಂದು ರೇಟು, ಮುಂದಿನದಕ್ಕೆ ಇನ್ನೊಂದು. ಕೋವಿಯಪ್ಪನಲ್ಲಿ ಎರಡೂ ತಲೆಮಾರಿನವು ಒಂದೊಂದಿವೆ. ಹೊಸತನ್ನು ಮಾರೋಣವೆಂದರೆ ಗಿಟ್ಟುವುದಿಲ್ಲ, ಹಳೆಯದನ್ನು ಮಾರೋಣವೆಂದರೆ ಕರುಳು ಕೇಳುವುದಿಲ್ಲ. ಹೆಂಡತಿ ಎರಡು ಸಲ ಕೆಮ್ಮಿದ ಮೇಲೆ ಹಳೆಯದೇ ಹೊರಗೆ ಬಂತು.

ಇನ್ನು ವರ್ಣನೆ. ನಮ್ಮ ವಧೂವರರ ಜಾಹೀರಾತಿನಲ್ಲಿ ಹುಡುಗಿಯ ಬಣ್ಣವನ್ನು ಒಂದೆರಡು ಸುತ್ತು ತಿಳಿಗೊಳಿಸಿ ಬರೆಯುತ್ತಾರಲ್ಲ, ಬೇರೆ ಮಾರಾಟಗಾರರದ್ದು ಆ ಶೈಲಿ. ತಿಜೋರಿ ಬಿಟ್ಟು ಹೊಸಿಲು ದಾಟಿದ್ದೇ ಇಲ್ಲ, ಹೊತ್ತಿದ್ದು ಹೆಚ್ಚು ಹೊಡೆದದ್ದು ಕಡಿಮೆ, ತುಕ್ಕಲ್ಲ ಅದು ಕಾಲ ಕೊಟ್ಟ ಹೊಳಪು ಅಂತೆಲ್ಲ ಬರೆಯುತ್ತಾರೆ. ಕೋವಿಯಪ್ಪನದು ತದ್ವಿರುದ್ಧ. ಹಿಡಿಯ ಎಡಕ್ಕೆ ಅರ್ಧ ಇಂಚಿನ ಗೀರು, ಅದು ಬಿದ್ದದ್ದು ಯಾವ ಬೇಲಿ ದಾಟುವಾಗ, ಆಗ ಜೊತೆಗಿದ್ದವರು ಯಾರು, ಅವರಲ್ಲಿ ಈಗ ಬದುಕಿರುವವರೆಷ್ಟು, ಎಲ್ಲ ಬರುತ್ತದೆ. ಮೇಲಿನ ಸ್ಕ್ರೂವಿನ ತಲೆ ಸವೆದದ್ದು ತನ್ನ ಕೈಯಿಂದಲೇ ಅಂತ ಒಪ್ಪಿಕೊಳ್ಳುತ್ತಾನೆ. ಫೋಟೋ ಡಜನ್ನಿಗೂ ಹೆಚ್ಚು, ಎಲ್ಲವೂ ಹೆಂಡತಿ ಹೊಲಿದ ಹೂವಿನ ಕೌದಿಯ ಮೇಲೆ. ಒಂದರಲ್ಲಿ ನಳಿಗೆಯ ತುದಿಗೆ ಸರಿಯಾಗಿ ಆಕೆಯ ಹೆಬ್ಬೆರಳೂ ಬಂದಿದೆ. ಇನ್ನೊಂದರಲ್ಲಿ ಮೂಲೆಯಿಂದ ಬೆಕ್ಕು ಇಣುಕುತ್ತಿದೆ. ಆ ಕೌದಿ ಎಷ್ಟಕ್ಕೆ ಕೊಡ್ತೀರಿ ಅಂತ ಕೆಂಟಕಿಯಿಂದ ಒಬ್ಬರು ಕೇಳಿ ಬರೆದಿದ್ದರು. ಆಕೆ ಆ ಮಾತನ್ನು ಇವತ್ತಿಗೂ ಗಂಡನ ಮುಖಕ್ಕೆ ಹಿಡಿಯುತ್ತಾಳೆ.

ಬಲ್ಲವರು ಯಾರೋ ಸಲಹೆ ಕೊಟ್ಟರಂತೆ, ಒಂದು ಸೆಂಟಿನಿಂದ ಶುರು ಮಾಡು, ಕನಿಷ್ಠ ಬೆಲೆ ಇಡಬೇಡ, ಜನ ಮುಗಿಬೀಳುತ್ತಾರೆ ಅಂತ. ಹಾಗೇ ಮಾಡಿದ. ಆಮೇಲೆ ರಾತ್ರಿ ನಿದ್ದೆ ಹೋಯಿತು. ಮೂರನೇ ದಿನಕ್ಕೆ ಕೂಗು ನಲವತ್ತು ಡಾಲರಿನಲ್ಲಿ ಕೂತಿತ್ತು. ಬರುವ ಪ್ರಶ್ನೆಗಳಾದರೂ ಎಂಥವು! ಒಂದು ಸೆಂಟಿನ ಹರಾಜಿನಲ್ಲಿ ಒಬ್ಬ ಕೇಳುತ್ತಾನೆ, ಕೊನೇ ಮಾತು ಎಷ್ಟಕ್ಕೆ ಕೊಡ್ತೀರಿ? ಇನ್ನೊಬ್ಬನಿಗೆ ಹಣದ ಬದಲು ಮೋಟಾರು ದೋಣಿ ಕೊಡುವ ಆಸೆ. ಇಂಜಿನ್ ಮಾತ್ರ ಸ್ವಲ್ಪ ರಿಪೇರಿ. ಹೆಂಡತಿಯ ಹೆಸರಿನಲ್ಲಿ ತಾನೇ ಕೂಗಿ ಬೆಲೆ ಏರಿಸಿಬಿಡಲೇ ಅಂತ ಒಂದು ಗಳಿಗೆ ಅನ್ನಿಸಿತಂತೆ. ಅದು ನಿಯಮಕ್ಕೆ ವಿರುದ್ಧ. ಅದಕ್ಕಿಂತ ಮುಖ್ಯವಾಗಿ, ಗೆದ್ದುಬಿಟ್ಟರೆ ಕೋವಿ ಮನೆಯಲ್ಲೇ ಉಳಿಯುತ್ತದೆ, ಆ ಸುದ್ದಿಯನ್ನು ಹೆಂಡತಿಗೆ ಮುಟ್ಟಿಸುವ ಧೈರ್ಯ ಅವನಿಗಿರಲಿಲ್ಲ.

ಹರಾಜು ಮುಗಿಯುವುದು ಭಾನುವಾರ ರಾತ್ರಿ ಒಂಬತ್ತಕ್ಕೆ. ನೀನು ಕಂಪ್ಯೂಟರಿನವನಲ್ಲವೇನಪ್ಪಾ, ಬಂದು ಪಕ್ಕದಲ್ಲಿ ಕೂತಿರು ಅಂತ ನನಗೆ ಕರೆ ಬಂತು. ಅಲ್ಲಿ ಹದಿನೈದು ನಿಮಿಷದ ನಿಯಮ ಅಂತೊಂದಿದೆ: ಕೊನೆಯ ಗಳಿಗೆಯಲ್ಲಿ ಯಾರಾದರೂ ಕೂಗಿದರೆ, ಆಮೇಲೆ ಹದಿನೈದು ನಿಮಿಷ ಯಾರೂ ಉಸಿರೆತ್ತದೆ ಇರುವವರೆಗೆ ಹರಾಜು ಮುಗಿಯುವುದಿಲ್ಲ. ಒಂಬತ್ತಕ್ಕೆ ಎರಡು ನಿಮಿಷ ಇರುವಾಗ ಬೆಲೆ ನಾನೂರರ ಹತ್ತಿರವಿತ್ತು. ಕೋವಿಯಪ್ಪ ಮಾತಿಲ್ಲದೆ ಕನ್ನಡಕ ಒರೆಸಿದ. ಆಗ ಎದ್ದರು ನೋಡಿ ಇಬ್ಬರು, ಒಬ್ಬ ಮೊಂಟಾನಾದವನು, ಇನ್ನೊಬ್ಬ ಎಲ್ಲಿಯವನೋ. ಬೆಲೆ ಏರಿಸುತ್ತ, ಒಬ್ಬ ಕೂಗಿದರೆ ಇನ್ನೊಬ್ಬ ಹನ್ನೆರಡು ನಿಮಿಷ ಸುಮ್ಮನಿದ್ದು ಹದಿಮೂರನೆಯದರಲ್ಲಿ ಏಳುವುದು. ಹನ್ನೊಂದಾಯಿತು. ನನಗೆ ಬೆಳಿಗ್ಗೆ ಏಳಕ್ಕೆ ಮೀಟಿಂಗು. ಬೆಲೆ ಏರಿದಂತೆಲ್ಲ ಅವನ ಮುಖ ಅರಳಬೇಕಿತ್ತು. ಅದು ಸಣ್ಣಗಾಗುತ್ತಿತ್ತು. ಎಂಟುನೂರು ದಾಟಿದಾಗ, 'ಇಷ್ಟು ಬಾಳುತ್ತೆ ಅಂತ ಗೊತ್ತಿದ್ದರೆ ಮಾರ್ತಿರಲಿಲ್ಲ' ಅಂದ. ಮೊಂಟಾನಾದವನು ಗೆದ್ದ.

ಈ ದೇಶದಲ್ಲಿ ಕೋವಿ ಅನ್ನುವುದು ಬರೀ ನಗುವ ಸಂಗತಿಯಲ್ಲ ಅಂತ ಪೇಪರು ಓದುವವರಿಗೆಲ್ಲ ಗೊತ್ತು. ನಾನು ಹೇಳುತ್ತಿರುವುದು ಆ ಪೇಪರಿನಲ್ಲಿ ಎಂದೂ ಬಾರದವನ ಕಥೆ.

ನೆಟ್ಟಿನಲ್ಲಿ ಗುಂಡಿ ಒತ್ತಿದರೆ ಕೋವಿ ಮನೆಗೇ ಬರುತ್ತದೆ ಅಂತ ನಮ್ಮಲ್ಲಿ ಅನೇಕರು ನಂಬಿದ್ದಾರೆ. ಬರುವುದಿಲ್ಲ. 1968ರ ಕಾನೂನಿನ ಪ್ರಕಾರ ರಾಜ್ಯದ ಗಡಿ ದಾಟುವ ಕೋವಿ ಲೈಸೆನ್ಸ್ ಇರುವ ವ್ಯಾಪಾರಿಯ ಕೈಗೇ ಹೋಗಬೇಕು. ಕೊಂಡವನು ಆ ಅಂಗಡಿಗೆ ಹೋಗಿ 4473 ಎಂಬ ಫಾರಂ ತುಂಬಬೇಕು. ವ್ಯಾಪಾರಿ ಎಫ್‌ಬಿಐಯ ವ್ಯವಸ್ಥೆಯಲ್ಲಿ ವಿಚಾರಿಸಿ, ಇವನ ಮೇಲೆ ಏನೂ ಇಲ್ಲ ಅಂತ ಉತ್ತರ ಬಂದ ಮೇಲೆ, ತನ್ನ ಫೀಸು ಎಣಿಸಿಕೊಂಡು ಕೋವಿ ಕೊಡುತ್ತಾನೆ. ಹಾಗಾದರೆ ಕಳಿಸುವವನ ಪಾಡು? ದೊಡ್ಡ ಖಾಸಗಿ ಕೊರಿಯರುಗಳು 2022ರಿಂದ ವ್ಯಾಪಾರಿಗಳಲ್ಲದವರ ಕೋವಿ ಮುಟ್ಟುವುದಿಲ್ಲ. ಪಿಸ್ತೂಲು, ರಿವಾಲ್ವರುಗಳನ್ನು 1927ರ ಕಾನೂನೇ ಟಪಾಲಿನಿಂದ ಹೊರಗೆ ಹಾಕಿತ್ತು. ಉದ್ದ ನಳಿಗೆಯ ರೈಫಲ್ಲನ್ನಾದರೆ ತೋಟಾ ತೆಗೆದು ವ್ಯಾಪಾರಿಯ ವಿಳಾಸಕ್ಕೆ ಅಂಚೆಯಲ್ಲಿ ಹಾಕಬಹುದು. ಇದು ಕೋವಿಯಪ್ಪನಿಗೆ ಗೊತ್ತು, ಅಂಚೆ ಕೌಂಟರಿನ ಹುಡುಗಿಗೆ ಗೊತ್ತಿಲ್ಲ. ಅದಕ್ಕೇ ಅವನು ಅಂಚೆ ಇಲಾಖೆಯ 'ಪಬ್ಲಿಕೇಶನ್ 52' ಎಂಬ ನಿಯಮ ಪುಸ್ತಕದ ಹಾಳೆಗಳನ್ನು ಪ್ರಿಂಟು ಹಾಕಿ, ಹಳದಿ ಗೆರೆ ಎಳೆದು ಒಯ್ಯುತ್ತಾನೆ. ಜೀವಂತ ಜೇನುಹುಳ, ಒಂದು ದಿನದ ಕೋಳಿಮರಿ, ಚೇಳು, ಇವನ್ನೆಲ್ಲ ಟಪಾಲಿಗೆ ಹಾಕುವ ಬಗೆಯೂ ಅದೇ ಪುಸ್ತಕದಲ್ಲಿದೆ. ಅವನು ಓದಿ ವಿವರಿಸುತ್ತಿದ್ದರೆ ಹಿಂದೆ ಕ್ಯೂ ಬೆಳೆಯುತ್ತದೆ. ಹುಡುಗಿ ಸೂಪರ್‌ವೈಸರನ್ನು ಕರೆಯುತ್ತಾಳೆ. ಸೂಪರ್‌ವೈಸರಿಗೆ ಇವನು ಹಳೇ ಗಿರಾಕಿ. ದೂರದಿಂದಲೇ ಕೈ ಎತ್ತಿ, ತಗೋ ತಗೋ ಅನ್ನುತ್ತಾನೆ.

ಇವನ ಬಾಯಲ್ಲಿ ಸರ್ಕಾರದ ಬಗ್ಗೆ ಒಳ್ಳೆಯ ಮಾತು ಬಂದದ್ದನ್ನು ನಾನು ಕೇಳಿಲ್ಲ. ನನ್ನ ಹತ್ತಿರ ಏನಿದೆ ಅಂತ ಅವರಿಗ್ಯಾಕೆ ಗೊತ್ತಾಗಬೇಕು ಅನ್ನುವುದು ಅವನ ನಿತ್ಯದ ಸುಪ್ರಭಾತ. ದೇಶದ ಕೋವಿಗಳನ್ನೆಲ್ಲ ಒಂದು ಪಟ್ಟಿ ಮಾಡಿಟ್ಟುಕೊಳ್ಳಬಾರದು ಅಂತ ಕೇಂದ್ರ ಸರ್ಕಾರದ ಕೈಯನ್ನು 1986ರ ಕಾನೂನು ಕಟ್ಟಿಹಾಕಿದೆ. ಸರ್ಕಾರ ಮಾಡದ ಆ ಪಟ್ಟಿಯನ್ನು ಕೋವಿಯಪ್ಪ ತಾನೇ ಮಾಡಿಟ್ಟಿದ್ದಾನೆ. ಕೆಂಪು ರಟ್ಟಿನ ಲೆಕ್ಕದ ಪುಸ್ತಕ, ಗೆರೆ ಹಾಕಿದ ಕಾಲಂಗಳು: ಯಾವ ಕೋವಿ, ಸೀರಿಯಲ್ ನಂಬರು, ಬಂದ ತಾರೀಕು, ಹೋದ ತಾರೀಕು, ವ್ಯಾಪಾರಿಯ ಲೈಸೆನ್ಸಿನ ಪ್ರತಿ, ಅಂಚೆ ರಸೀತಿಗೆ ಸ್ಟೇಪ್ಲರು. ಟೆಕ್ಸಾಸಿನಲ್ಲಿ ಊರಿನವನೇ ಮನೆಗೆ ಬಂದು ಕೊಂಡರೆ ಇಬ್ಬರು ಖಾಸಗಿ ಮಂದಿಯ ನಡುವೆ ಫಾರಂ ಏನೂ ಬೇಕಿಲ್ಲ. ಇವನು ಬಿಡುವುದಿಲ್ಲ. ಡ್ರೈವಿಂಗ್ ಲೈಸೆನ್ಸ್ ತೋರಿಸು, ಇಲ್ಲಿ ಸಹಿ ಮಾಡು, ತಾರೀಕು ಹಾಕು. ನಮ್ಮ ತಾಲೂಕು ಕಚೇರಿಯ ಶಿರಸ್ತೇದಾರರೂ ಇಷ್ಟು ಪೀಡಿಸಲಾರರು. ಆ ಪುಸ್ತಕದಲ್ಲಿ ಎಲ್ಲ ಕಾಲಮ್ಮೂ ಶಾಯಿಯಲ್ಲಿದೆ. ಕೊಂಡ ಬೆಲೆಯ ಕಾಲಂ ಒಂದು ಮಾತ್ರ ಪೆನ್ಸಿಲಿನಲ್ಲಿ.

ಅವನಿಗಿರುವ ದೊಡ್ಡ ಭಯ, ತನ್ನನ್ನು ಯಾರಾದರೂ ವ್ಯಾಪಾರಿ ಅಂದುಬಿಟ್ಟಾರು ಅಂತ. ತನ್ನ ಸಂಗ್ರಹದ್ದನ್ನು ಆಗೊಮ್ಮೆ ಈಗೊಮ್ಮೆ ಮಾರಿದರೆ ತೊಂದರೆಯಿಲ್ಲ. ಮುಖ್ಯವಾಗಿ ಲಾಭಕ್ಕೆಂದೇ ಕೊಂಡು ಮಾರುವವನಿಗೆ ಲೈಸೆನ್ಸ್ ಬೇಕು. 2022ರಲ್ಲಿ ಆ ಮಾತನ್ನು ಇನ್ನಷ್ಟು ಬಿಗಿ ಮಾಡಿದರು. ಅಂದಿನಿಂದ ಯಾರು ಕೇಳಲಿ ಬಿಡಲಿ, ಲಾಭಕ್ಕಲ್ಲಪ್ಪಾ, ಲಾಭಕ್ಕಲ್ಲ ಅಂತ ಹೇಳಿಕೊಂಡು ತಿರುಗುತ್ತಾನೆ. ಅಡುಗೆಮನೆಯಿಂದ ಹೆಂಡತಿಯ ದನಿ ಬರುತ್ತದೆ: 'ಕೋರ್ಟಿಗೆ ಹೋಗಲಿ, ಸಾಕ್ಷಿ ಹೇಳೋಕೆ ನಾನು ತಯಾರು. ಈ ಮನುಷ್ಯ ಇವತ್ತಿನವರೆಗೆ ಒಂದು ಕಾಸು ಲಾಭ ಮಾಡಿಲ್ಲ.' ಅಷ್ಟು ಬಲವಾದ ಸಾಕ್ಷಿ ಯಾವ ವಕೀಲನಿಗೂ ಸಿಗದು. ನನ್ನನ್ನು ಕೇಳಿದರೆ ಅವನಿಗೆ ಬೇಕಾದ್ದು ಹಣವೇ ಅಲ್ಲ. ನಲವತ್ತು ವರ್ಷ ತಾನು ಆರಿಸಿದ್ದು ಸರಿ ಅಂತ ಮುಖ ನೋಡದ ಯಾರೋ ಇಬ್ಬರು ಹೊಡೆದಾಡಿ ಹೇಳಬೇಕು, ಅಷ್ಟೇ. ನನಗೊಂದು ಮಾರಲು ಅವನಿಗೆ ತುಂಬ ಮನಸ್ಸಿತ್ತು. ಆದರೆ ಎಚ್-1ಬಿ ವೀಸಾದವನು ಬೇಟೆಯ ಲೈಸೆನ್ಸಿನಂಥ ವಿನಾಯಿತಿ ಏನೂ ಇಲ್ಲದೆ ಕೋವಿ ಇಟ್ಟುಕೊಳ್ಳುವಂತಿಲ್ಲ. ನನ್ನ ವೀಸಾದ ಈ ಮುಖ ನನಗೆ ತಿಳಿದದ್ದು ಇವನಿಂದಲೇ.

ಕಳೆದ ಸಲ ವಿರಾಜಪೇಟೆಯ ಗೆಳೆಯ ನಮ್ಮನೆಗೆ ಬಂದಾಗ ಇಬ್ಬರನ್ನೂ ಭೇಟಿ ಮಾಡಿಸಿದೆ. ಕೊಡವರ ಕೋವಿಗೆ ಲೈಸೆನ್ಸಿನ ವಿನಾಯಿತಿ ಇದೆ, ಗಂಡುಮಗು ಹುಟ್ಟಿದರೆ ಒಂದು ಗುಂಡು, ಸಾವಾದರೆ ಎರಡು, ಕೈಲ್ ಪೊಳ್ದ್ ಹಬ್ಬದಲ್ಲಿ ಕೋವಿಗೆ ತೋಕ್‌ಪೂ ಎಂಬ ಹೂ ಮುಡಿಸಿ ಪೂಜೆ ಮಾಡುತ್ತೇವೆ ಅಂತ ಗೆಳೆಯ ಹೇಳಿದ. ಕೋವಿಯಪ್ಪ ಬಾಯಿ ತೆರೆದವನು ಮುಚ್ಚಲಿಲ್ಲ. ಆ ಊರಿನಲ್ಲಿ ಸೈಟು ಏನು ರೇಟು ಅಂತ ಕೇಳಿದ. ನಮ್ಮ ಮಲೆನಾಡಿನಲ್ಲಿ ಚುನಾವಣೆ ಬಂತೆಂದರೆ ತೋಟದವರು ಕೋವಿ ಹೊತ್ತು ಸ್ಟೇಷನ್ನಿಗೆ ಒಪ್ಪಿಸಿ ಬರಬೇಕು ಅಂತ ನಾನು ಬಾಯಿ ಹಾಕಿದೆ. ಸೈಟಿನ ವಿಚಾರ ಅಲ್ಲಿಗೇ ನಿಂತಿತು. 'ಹಾಗಾದರೆ ನಿಮ್ಮದನ್ನು ಮಾರೋದು ಹೇಗೆ?' ಅಂತ ಗೆಳೆಯನನ್ನು ಕೇಳಿದ. 'ಮಾರೋದಾ?' ಅಂದ ಗೆಳೆಯ. 'ಒಕ್ಕದ ಕೋವಿ, ಇಡೀ ಮನೆತನದ್ದು. ಮಾರ್ತೀನಿ ಅಂದರೆ ನಮ್ಮ ದೊಡ್ಡಪ್ಪ ನನ್ನನ್ನೇ ಮಾರಿಬಿಡ್ತಾರೆ.' ಕೋವಿಯಪ್ಪ ಹೆಂಡತಿಯ ಕಡೆ ತಿರುಗಿ, ಕೇಳಿಸಿಕೊಂಡೆಯಾ ಅಂತ ಕಣ್ಣಿನಲ್ಲೇ ಕೇಳಿದ. ಆಕೆ ನನಗೆ ಇನ್ನೊಂದು ಕಪ್ ಕಾಫಿ ಬಗ್ಗಿಸಿದಳು.

ಮೊಂಟಾನಾದವನು ಕೋವಿ ಕೈಸೇರಿದ ಮೇಲೆ ಒಳ್ಳೆಯ ಮಾರ್ಕು ಕೊಟ್ಟು, ಜಿಂಕೆ ಹೊಡೆದ ಫೋಟೋ ಕಳಿಸಿದ. ಅದೀಗ ಕೋವಿಯಪ್ಪನ ಫ್ರಿಜ್ಜಿನ ಬಾಗಿಲಿನಲ್ಲಿ ಮೊಮ್ಮಗನ ಫೋಟೋದ ಪಕ್ಕದಲ್ಲಿದೆ. ಇಬ್ಬರೂ ಕಾಗದ ಬರೆದುಕೊಳ್ಳುತ್ತಾರೆ. ಅಲ್ಲಿಯೂ ತಿಜೋರಿ ತುಂಬಿದೆಯಂತೆ, ಅಲ್ಲಿಯೂ ಒಬ್ಬಾಕೆ ಕೆಮ್ಮುತ್ತಾಳಂತೆ. ಮೊನ್ನೆ ನಾನು ಹೋದಾಗ ಕೋವಿಯಪ್ಪ ಕಂಪ್ಯೂಟರಿನ ಮುಂದೆ ಕೂತು ಒಂದು ವಿಂಚೆಸ್ಟರ್ 94ರ ಚಿತ್ರವನ್ನು ದೊಡ್ಡದು ಮಾಡಿ ನೋಡುತ್ತಿದ್ದ. ಹಿಡಿಯ ಎಡಕ್ಕೆ ಅರ್ಧ ಇಂಚಿನ ಗೀರು.

'ಅದೇನಾ ಅದು?' ಅಂದಳು ಹಿಂದೆ ನಿಂತಿದ್ದ ಹೆಂಡತಿ.

'ಸುಮ್ಮನೆ ಕಣ್ಣಿಟ್ಟಿದೀನಿ ಅಷ್ಟೇ. ಇನ್ನೂ ಹನ್ನೊಂದು ಜನ ಕಣ್ಣಿಟ್ಟಿದ್ದಾರೆ.'

'ಎಷ್ಟಾಗಿದೆ?'

'ಒಂದು ಸೆಂಟು.'