ಬೆವರದವರಿಗೊಂದು ಬಹಿರಂಗ ಪತ್ರ

ಮೂಡಲಗಿ ತಾಲೂಕಿನ ಒಂದು ಪತ್ರಾಸ್ ಶೆಡ್ಡಿನ ಬಾಗಿಲಿನಿಂದ,
ಗೋಕಾಕ, ಮೂಡಲಗಿ, ಹುಕ್ಕೇರಿ ತಾಲೂಕುಗಳ ಸಮಸ್ತ ಬ್ರಾಯ್ಲರ್ ಕೋಳಿಗಳಿಗೆ,

ಇತ್ತ ನಾವು ಕ್ಷೇಮ. ಅತ್ತ ನಿಮ್ಮ ಕ್ಷೇಮ ಕೇಳಿ ಬರೆಯಲು ಧೈರ್ಯ ಸಾಲದು. ಇವತ್ತು ಮಧ್ಯಾಹ್ನ ಬಿಸಿಲಿಗೆ ಸತ್ತ ನಿಮ್ಮವರನ್ನು ಬುಟ್ಟಿಗೆ ತುಂಬಿ ಹೊರಗೆ ಸಾಗಿಸಿದವನು ನಾನೇ.

ನಿಮ್ಮ ಮೇಲೆ ನನ್ನದೊಂದು ತಕರಾರಿದೆ. ನೀವು ಬೆವರುವುದಿಲ್ಲ. ಬೆವರು ಸುರಿಸದೆ ತಿನ್ನುವವರನ್ನು ನಮ್ಮ ಕಡೆ ಬೇಕಾದಷ್ಟು ನೋಡಿದ್ದೇನೆ. ಅವರಲ್ಲಿ ಒಬ್ಬರೂ ಬಿಸಿಲಿಗೆ ಸತ್ತಿಲ್ಲ. ನಿಮಗೆ ಮಾತ್ರ ಬೆವರಿನ ಗ್ರಂಥಿಯೇ ಇಲ್ಲವಂತೆ, ಮೈ ಬಿಸಿ ಮೊದಲೇ 41 ಡಿಗ್ರಿಯಂತೆ, ಏಪ್ರಿಲ್‌ನಲ್ಲಿ ಹೊರಗಿನ ಗಾಳಿಯೂ 40ರ ಹತ್ತಿರ ಬಂದರೆ ಒಳಗಿನ ಕಾವು ಹೋಗಲು ತೇಕುವುದು ಬಿಟ್ಟು ಬೇರೆ ದಾರಿಯೇ ಇರುವುದಿಲ್ಲವಂತೆ. ಇದನ್ನೆಲ್ಲ ಮರಿ ಇಳಿಸುವ ದಿನವೇ ಹೇಳಬೇಕಿತ್ತು.

ಮಧ್ಯಾಹ್ನ ಮೂರಕ್ಕೆ ನಿಮ್ಮ ನಡುವೆ ನಿಂತಿದ್ದೆ. ಎಲ್ಲರೂ ರೆಕ್ಕೆ ಅಗಲಿಸಿ, ಕೊಕ್ಕು ತೆರೆದು, ಹೊಟ್ಟಿನ ಮೇಲೆ ಎದೆ ಊರಿ ಕೂತಿದ್ದಿರಿ. ಗಂಟಲ ಕೆಳಗಿನ ತೊಗಲು ಹೊಲಿಗೆ ಮಿಷನ್ನಿನ ಸೂಜಿಯ ಹಾಗೆ ಕುಣಿಯುತ್ತಿತ್ತು. ಮೇವಿನ ಡಬ್ಬಿ ತುಂಬಿದ್ದು ತುಂಬಿದಂತೆಯೇ ಇತ್ತು. ನೀರಿನ ನಿಪ್ಪಲ್ ಒತ್ತಿ ನೋಡಿದೆ: ಕರೀ ಸಿಂಟೆಕ್ಸಿನಿಂದ ಇಳಿದ ನೀರಿಗೆ ಚಹಾಪುಡಿ ಹಾಕುವುದೊಂದೇ ಬಾಕಿ. ಮನೆಯವಳು ಫ್ರಿಜ್ಜಿನ ಬರ್ಫ ತಂದು ಟಾಕಿಗೆ ಸುರಿದಳು. ಐದು ಸಾವಿರ ಬಾಯಿಗೆ ಎರಡು ತಟ್ಟೆ ಬರ್ಫ!

ತಿನ್ನಲಿಲ್ಲವೆಂದು ನಿಮ್ಮನ್ನು ಬೈದೆ. ತಿಂದದ್ದು ಕರಗುವಾಗಲೂ ಮೈಯಲ್ಲಿ ಕಾವು ಏಳುತ್ತದಂತೆ. ಅದಕ್ಕೇ ಬಿಸಿಲ ಹೊತ್ತಿನಲ್ಲಿ ಮೇವು ಎತ್ತಿಡಿ, ನಸುಕಿನಲ್ಲಿ ಹಾಕಿ ಎಂದು ಡಾಕ್ಟರು ಹೇಳುತ್ತಾರೆ. ಹಾಗಾದರೆ ನನಗಿಂತ ನಿಮಗೇ ಬುದ್ಧಿ ಹೆಚ್ಚು. ಆದರೆ ಈ ಬುದ್ಧಿ ನಿಮ್ಮ ತಳಿಗೇ ಒಗ್ಗುವುದಿಲ್ಲ. 40 ದಿನದಲ್ಲಿ ಎರಡು ಕಿಲೋ ದಾಟಬೇಕೆಂದೇ ನಿಮ್ಮನ್ನು ಹುಟ್ಟಿಸಿದ್ದು. ಬೇಗ ಬೆಳೆಯುವ ಮೈ ಎಂದರೆ ಬೇಗ ಕಾಯುವ ಒಲೆ. ಸಾಲದ್ದಕ್ಕೆ ಮೇಲೆ ಗರಿಯ ಕೌದಿ. ಬೋಳು ಕುತ್ತಿಗೆಯ ನಾಟಿ ಕೋಳಿಯನ್ನು ನೋಡಿ ನಕ್ಕಿದ್ದೆ. ಈಗ ಅದು ತಿಪ್ಪೆ ಕೆದರುತ್ತ ನನ್ನ ಕಡೆ ನೋಡಿ ನಗುತ್ತಿದೆ. ಮೊಟ್ಟೆ ಕೋಳಿ ಸಾಕಿದ ಗೆಳೆಯನ ಪಾಡು ಬೇರೆ. ಕೋಳಿ ತೇಕಿ ತೇಕಿ ಮೈಯೊಳಗಿನ ಇಂಗಾಲದ ಡೈಆಕ್ಸೈಡ್ ಹೊರಗೆ ಹೋದರೆ ಚಿಪ್ಪು ಕಟ್ಟಲು ಬೇಕಾದ ಕಾರ್ಬೊನೇಟ್ ಕೊರತೆ ಬೀಳುತ್ತದೆ. ಅವನ ಮೊಟ್ಟೆ ಟ್ರೇಯಲ್ಲೇ ಬಿರುಕು.

ಇನ್ನು ಕೋಳಿ ಕಂಪನಿಯ ಜೊತೆಗಿನ ಕರಾರಿನ ಮಾತು. ಮರಿ ಕಂಪನಿಯದು, ಮೇವು ಕಂಪನಿಯದು, ಔಷಧಿ ಕಂಪನಿಯದು. ಶೆಡ್ಡು, ನೀರು, ಕರೆಂಟು, ದುಡಿತ ನಮ್ಮದು. ಬಿಸಿಲು ಯಾರದು ಎಂದು ಎಲ್ಲೂ ಬರೆದಿಲ್ಲ. ಬರೆಯದೆ ಬಿಟ್ಟದ್ದೆಲ್ಲ ರೈತನ ಪಾಲಿಗೆ. ನೀವು ಸತ್ತರೆ ‘ಮಾರ್ಟಾಲಿಟಿ’ ಎಂಬ ಕಾಲಂನಲ್ಲಿ ನನ್ನ ಕೂಲಿ ಇಳಿಯುತ್ತದೆ. ಸೂಪರ್‌ವೈಜರ್ ಬಂದು ಕೇಳಿದ: “ಶೆಡ್ಡಿನ ಮೇಲೆ ರವದಿ ಹಾಕಿ ನೀರು ಹೊಡೀಲಿಲ್ಲೇನ್ರಿ?” ಹಾಕಿದ್ದೆ. ಬಾಜೂ ಹೊಲದವರು ಕಬ್ಬಿನ ರವದಿಗೆ ಬೆಂಕಿ ಇಟ್ಟಿದ್ದರು. ಕಿಡಿ ಹಾರೀತೆಂದು ಹೆದರಿ ನಾನೇ ಕೆಳಗೆಳೆದೆ. ಬದಲಿಗೆ ಫಾಗರ್ ಹಾಕಿಸಿದೆ. ಅಡ್ಡಮಳೆ ಬಿದ್ದ ಮರುದಿನ ಗಾಳಿಯೇ ಒದ್ದೆ, ಅದರ ಮೇಲೆ ಫಾಗರಿನ ಮಂಜೂ ಸೇರಿ ನಿಮಗೆ ಇಡ್ಲಿ ಪಾತ್ರೆಯ ಸುಖ ಒದಗಿತು. ಮೊದಲಾದರೆ ರಾತ್ರಿಯ ತಂಪಿಗೆ ಮೈ ಹಗುರ ಮಾಡಿಕೊಳ್ಳುತ್ತಿದ್ದಿರಿ. ಈಗ ರಾತ್ರಿಯೂ ಹಗಲಿನ ಸಂಬಂಧಿಕನ ಹಾಗೇ ವರ್ತಿಸುತ್ತದೆ.

ಅಂದಹಾಗೆ, ಹವಾಮಾನ ಇಲಾಖೆ ಉಷ್ಣತೆ ಅಳೆಯುವ ಥರ್ಮಾಮೀಟರಿಗೆ ಬಿಳಿ ಬಣ್ಣ ಬಳಿದ, ನಾಲ್ಕೂ ಕಡೆ ಗಾಳಿಯಾಡುವ, ನೆಲದಿಂದ ನಾಲ್ಕಡಿ ಎತ್ತರದ ಮರದ ಮನೆ ಇರುತ್ತದೆ. ಪೇಪರಿನಲ್ಲಿ ಬರುವುದು ಅದರ ಮನೆಯ ಬಿಸಿಲು, ನಿಮ್ಮ ಮನೆಯದಲ್ಲ.

ಪರಿಹಾರ ಕೇಳೋಣವೆಂದರೆ ಅಲ್ಲೂ ನೀವು ತಪ್ಪಿದ್ದೀರಿ. ವಿಪತ್ತು ಪರಿಹಾರಕ್ಕೆ ಕೇಂದ್ರ ಮಾಡಿಟ್ಟ 2022–26ರ ಪಟ್ಟಿಯಲ್ಲಿ 12 ಆಪತ್ತುಗಳಿದ್ದವು. ನೆರೆ ಇತ್ತು, ಬರ ಇತ್ತು, ಸುನಾಮಿ ಇತ್ತು, ಹಿಮಕುಸಿತ ಇತ್ತು, ಶೀತಗಾಳಿಯೂ ಇತ್ತು. ಬಿಸಿಗಾಳಿ ಇರಲಿಲ್ಲ! ಗೋಕಾಕದಲ್ಲಿ ಚಳಿಗೆ ಮರಗಟ್ಟಿ ಸತ್ತಿದ್ದರೆ ನಿಮಗೊಂದು ಕಾಲಂ ಸಿಗುತ್ತಿತ್ತು. ಆದ್ದರಿಂದ ನನ್ನ ವಿನಂತಿ: ಸಾಯಲೇಬೇಕೆಂದರೆ ಆಗಸ್ಟ್ ತನಕ ತಡೆಯಿರಿ. 2019ರ ಹಾಗೆ ಘಟಪ್ರಭೆ ಉಕ್ಕಿ ಲೋಳಸೂರ ಸೇತುವೆ ಮುಳುಗಲಿ. ಆಗ ತೇಲಿ ಹೋಗಿ. ಆ ಪಟ್ಟಿಯ ದರದಂತೆ ತಲೆಗೆ 100 ರೂಪಾಯಿ, ಒಂದು ಮನೆಗೆ ಹೆಚ್ಚೆಂದರೆ 10,000. ಮೊದಲ ನೂರು ಜನ ಲೆಕ್ಕಕ್ಕೆ, ಉಳಿದ 4,900 ಜನ ಧರ್ಮಾರ್ಥ. ಆದರೆ ಮರಿ ಕಂಪನಿಯದಾದ್ದರಿಂದ ಆ ದುಡ್ಡು ಯಾರ ಖಾತೆಗೆ ಎಂದು ಆಗ ಇನ್ನೊಂದು ಪತ್ರ ಬರೆಯಬೇಕಾದೀತು.

ಇಂತಿ ನಿಮ್ಮ ಕಾವಲುಗಾರ.

ತಾ.ಕ.: ಬಿಸಿಲಿಗೆ ಹೆದರಿ ನಿಮ್ಮನ್ನು ಒಯ್ಯುವ ಗಾಡಿ ರಾತ್ರಿ ಎರಡಕ್ಕೆ ಬರುತ್ತಿದೆ. ತೂಕದ ಕಾಟಾ ಏರುವವರೆಗೆ ದಯವಿಟ್ಟು ಜೀವ ಹಿಡಿದುಕೊಂಡಿರಿ. ಆಮೇಲಿನದು ನಿಮಗೂ ಕಂಪನಿಗೂ ಬಿಟ್ಟದ್ದು.