ಪರದೆಯ ಹಿಂದಿನ ಪನೀರು

ಸುರಪುರದಲ್ಲಿ ಗುಟ್ಟಾಗಿ ಮದುವೆಯಾಗಬಹುದು, ಗುಟ್ಟಾಗಿ ಹೊಲ ಮಾರಬಹುದು. ಗುಟ್ಟಾಗಿ ದೊಡ್ಡ ಹೋಟೆಲಿಗೆ ಹೋಗಿ ಉಂಡು ಬರುವುದು ಮಾತ್ರ ಆಗದ ಮಾತು. ರಾತ್ರಿ ನೀವು ಪನೀರ್ ಬಟರ್ ಮಸಾಲಾ ತಿಂದಿದ್ದರೆ ಬೆಳಿಗ್ಗೆ ಹಾಲಿನವನು ‘ಏನ್ರೀ ಸರ, ನಿನ್ನಿ ಊಟ ಭಾರಿ ಆತಂತಲ್ಲ’ ಎನ್ನುತ್ತಲೇ ಹಾಲು ಅಳೆಯುತ್ತಾನೆ. ಇಂಥ ಊರಿನಲ್ಲಿ ದೊಡ್ಡ ಹೋಟೆಲಿನವರು ಮಾರುವ ಮೊದಲ ಸರಕು ಯಾವುದು ಗೊತ್ತೇ? ಮರೆ. ಬೋರ್ಡಿನ ಮೇಲೆ ದಪ್ಪಕ್ಷರದಲ್ಲಿ ‘ಎ.ಸಿ. ಫ್ಯಾಮಿಲಿ ರೂಮ್’. ಒಳಗೆ ಪ್ಲೈವುಡ್ಡಿನ ಗೋಡೆ, ಗೋಡೆಗೊಂದು ಪರದೆ, ಪರದೆಯ ಹಿಂದೆ ಮಿಣುಕು ದೀಪ. ಯಾರ ಕಣ್ಣಿಗೂ ಬೀಳಬಾರದೆಂದು ಒಳಹೊಕ್ಕು ಪರದೆ ಎಳೆದುಕೊಳ್ಳುತ್ತೇವೆ. ಎಳೆದುಕೊಂಡ ಕೂಡಲೇ ತಾಟಿನ ಫೋಟೊ ಹೊಡೆದು ವಾಟ್ಸಾಪ್ ಸ್ಟೇಟಸ್ಸಿಗೆ ಹಾಕುತ್ತೇವೆ. ಉಣ್ಣುವುದನ್ನು ಯಾರೂ ನೋಡಬಾರದು, ಉಂಡದ್ದು ಎಲ್ಲರಿಗೂ ಗೊತ್ತಾಗಬೇಕು!

ಈ ಶೋಕಿ ಊರಿಗೆ ಹೊಸದೇನಲ್ಲ. 1840ರ ದಶಕದಲ್ಲಿ ಸುರಪುರ ಸಂಸ್ಥಾನದ ಉಸ್ತುವಾರಿಗೆ ಬಂದ ಮೆಡೋಸ್ ಟೇಲರ್ ಸಾಹೇಬ ಮಂದಿಯ ನಡುವೆ ಮನೆ ಹಿಡಿಯಲಿಲ್ಲ. ಗುಡ್ಡದ ಮೇಲೆ ಬಂಗಲೆ ಕಟ್ಟಿಸಿದ. ಇಂದಿಗೂ ಅದು ಟೇಲರ್ ಮಂಜಿಲ್ ಎಂದೇ ಹೆಸರುವಾಸಿ. ಸಾಹೇಬನ ತಾಟಿನಲ್ಲಿ ಏನಿದೆಯೆಂದು ಕೆಳಗಿನವರಿಗೆ ಕಾಣುತ್ತಿರಲಿಲ್ಲ, ಬಂಗಲೆಯೇನೋ ಎಲ್ಲರಿಗೂ ಕಾಣುತ್ತಿತ್ತು. ಇದೇ ಟೇಲರ್ 1839ರಲ್ಲಿ ದಾರಿಗಳ್ಳ ಠಗ್ಗನೊಬ್ಬನ ತಪ್ಪೊಪ್ಪಿಗೆಯನ್ನು ಕಾದಂಬರಿಯಾಗಿ ಬರೆದು ಇಂಗ್ಲೆಂಡಿನಲ್ಲಿ ಹೆಸರು ಮಾಡಿದವನು. ನಮ್ಮ ಕಾಕಾ ಹೋಟೆಲಿನಲ್ಲಿ ಬಿಲ್ಲು ಕೈಗೆ ಬಂದಾಗಲೆಲ್ಲ ಆ ಪುಣ್ಯಾತ್ಮನನ್ನು ನೆನೆಯುತ್ತಾರೆ.

ಕಾಕಾನ ಕಾಲದಲ್ಲಿ ಹೋಟೆಲ್ ಅಂದರೆ ಬಸ್‌ಸ್ಟ್ಯಾಂಡಿನ ಮಗ್ಗುಲಲ್ಲಿ ಸುಸಲಾ, ಮಿರ್ಚಿ ಭಜಿ, ಮೇಲೊಂದು ಚಾ. ಊಟಕ್ಕೆ ಖಾನಾವಳಿ. ಅಲ್ಲಿ ಮೆನು ಕಾರ್ಡಿನ ಹಂಗಿಲ್ಲ: ರೊಟ್ಟಿ, ಪಲ್ಲೆ, ಶೇಂಗಾ ಹಿಂಡಿ, ‘ಇನ್ನೊಂದು ಹಾಕ್ಲಿರಿ?’ ಎಂಬ ಒತ್ತಾಯ. ಆಮೇಲೆ 1982ರಲ್ಲಿ ನಾರಾಯಣಪುರದ ಬಸವಸಾಗರ ಜಲಾಶಯ ಬಂತು, ಕಾಲುವೆ ಬಂತು, ಜೋಳದ ಹೊಲದಲ್ಲಿ ಭತ್ತ ಬಂತು. ಹಬ್ಬಕ್ಕೆ ಬೇಯುತ್ತಿದ್ದ ಅನ್ನ ದಿನಕ್ಕೆರಡು ಸಲ ಬೇಯತೊಡಗಿತು. 2009ರ ಡಿಸೆಂಬರ್ 30ರಂದು ನಮ್ಮ ಯಾದಗಿರಿ ಜಿಲ್ಲೆಯಾಯಿತು. ಸಾಹೇಬರು ಬಂದರು, ಸಾಹೇಬರ ಹಿಂದೆ ಗುತ್ತಿಗೆದಾರರು ಬಂದರು. ‘ನೀರು ಬಂದ ಮ್ಯಾಲ ರೊಕ್ಕಾ ಬಂತು, ಸಾಹೇಬ್ರು ಬಂದ ಮ್ಯಾಲ ಎ.ಸಿ. ಬಂತು’ ಎನ್ನುವುದು ಕಾಕಾನ ಅರ್ಥಶಾಸ್ತ್ರ. ಯಾವ ವಿಶ್ವವಿದ್ಯಾಲಯದವರೂ ಇದನ್ನು ಇದುವರೆಗೆ ಖಂಡಿಸಿಲ್ಲ.

ಇಂಥ ಕಾಕಾನನ್ನೂ ಕಾಕಿಯನ್ನೂ ಕರೆದುಕೊಂಡು ಹೆದ್ದಾರಿ ಬದಿಯ ಹೊಸ ಹೋಟೆಲಿಗೆ ಹೋದೆವೆನ್ನಿ. ಹೊರಗೆ ನಲವತ್ತು ಡಿಗ್ರಿ ದಾಟಿದ ಧಗೆ. ಒಳಗೆ ಕಾಲಿಟ್ಟೊಡನೆ ಕಾಕಾ ಹೆಗಲ ಮೇಲಿನ ಟವೆಲನ್ನು ತಲೆಗೆ ಸುತ್ತಿಕೊಂಡರು. ‘ಥಂಡಿ ಕಮ್ಮಿ ಮಾಡ್ಲಿರಿ?’ ಎಂದ ವೇಟರ್ ಹುಡುಗ. ‘ಬ್ಯಾಡ ತಮ್ಮಾ, ಅದಕ್ಕೂ ರೊಕ್ಕಾ ಕೊಡೋದೈತಲ್ಲ, ಇರ್ಲಿ ಬಿಡು.’ ಕಾಕಾನ ಸಿಟ್ಟಿಗೆ ಇತಿಹಾಸವಿದೆ. 2017ರಲ್ಲಿ ಜಿಎಸ್‌ಟಿ ಬಂದ ಹೊಸತರಲ್ಲಿ ಎ.ಸಿ. ಇರುವ ಹೋಟೆಲಿಗೆ ಶೇ. 18, ಇಲ್ಲದ್ದಕ್ಕೆ ಶೇ. 12 ತೆರಿಗೆ. ಮಹಡಿಯ ಮೇಲೆ ಒಂದು ಎ.ಸಿ. ಇದ್ದರೆ ಸಾಕು, ಕೆಳಗೆ ಫ್ಯಾನಿನಡಿ ಬೆವರುತ್ತ ಉಂಡವನೂ ಹದಿನೆಂಟೇ ಕೊಡಬೇಕಿತ್ತು. ಅದೇ ವರ್ಷ ನವೆಂಬರ್ 15ರಿಂದ ಸಾಮಾನ್ಯ ಹೋಟೆಲುಗಳಿಗೆಲ್ಲ ಶೇ. 5 ಎಂದಾಯಿತು. ಸರ್ಕಾರ ಮರೆತರೂ ಕಾಕಾ ಮರೆತಿಲ್ಲ. ಮೇಲೆ ಯಾರೋ ತಂಪಾಗಿ ಕೂತದ್ದಕ್ಕೆ ತಾವು ಕೊಟ್ಟ ಬಾಕಿಯನ್ನು ಈಗ ಕೂತು ವಸೂಲಿ ಮಾಡುತ್ತಾರೆ.

ಮೆನು ಕಾರ್ಡು ಬಂತು. ದೀಪದ ಬೆಳಕಿಗೆ ಹೆಸರು ಓದಲಾಗದು, ರೇಟಂತೂ ಹೊಳೆಯುತ್ತಲೇ ಇರುತ್ತದೆ. ‘ಕತ್ತಲದಾಗ ಕುಂಡ್ರಿಸಿ ಉಣಸ್ತಾರ, ಬೆಳಕಿನ ರೊಕ್ಕಾ ಯಾಕ ತಗೋತಾರೋ?’ ಎಂದರು ಕಾಕಾ. ವೆಜ್ ಕೊಲ್ಹಾಪುರಿ, ವೆಜ್ ಮರಾಠಾ, ಹೈದರಾಬಾದಿ ಬಿರಿಯಾನಿ: ಕಾರ್ಡಿನೊಳಗೆ ನಾಲ್ಕೂ ದಿಕ್ಕಿನ ಊರುಗಳಿದ್ದವು, ಸುರಪುರವೊಂದನ್ನು ಬಿಟ್ಟು. ದಾಲ್ ತಡ್ಕಾ ಬಂದಾಗ ಕಾಕಾ ಚಮಚದಿಂದ ಕಲಕಿ, ಮೂಸಿ, ವೇಟರನ್ನು ಕರೆದರು.

‘ತಮ್ಮಾ, ಇದು ನಮ್ಮ ಬ್ಯಾಳಿನ ಅಲ್ಲೇನು?’

‘ಹೌದ್ರಿ, ತಡ್ಕಾ ಕೊಟ್ಟೀವ್ರಿ.’

‘ತಡ್ಕಾ ಬ್ಯಾಳಿಗಿ ಕೊಟ್ಟೀರೋ, ನಮಗೋ?’

ಪಕ್ಕದ ಕಲಬುರಗಿಯ ತೊಗರಿಬೇಳೆಗೆ 2019ರಲ್ಲೇ ಜಿಐ ಮಾನ್ಯತೆ ಸಿಕ್ಕಿದೆ. ನಾವು ಬೆಳೆದ ತೊಗರಿ ಹಿಂದಿಯ ಹೆಸರಿಟ್ಟುಕೊಂಡು, ಸ್ಟೀಲಿನ ಪುಟ್ಟ ಬಕೆಟ್ಟಿನಲ್ಲಿ ಕೂತು ನಮ್ಮೆದುರೇ ಬಂದಾಗ ಗುರುತು ಹಿಡಿಯುವುದು ಕಾಕಾನಂಥವರಿಗೇ ಸಾಧ್ಯ. ಗೋಬಿ ಮಂಚೂರಿಯ ಗುರುತು ಮಾತ್ರ ಅವರಿಗೂ ಸಿಗಲಿಲ್ಲ. ಕೆಂಪಗೆ ಉರಿಯಬೇಕಾದದ್ದು ಪೇಲವವಾಗಿ ಬಂದಿತ್ತು. ‘ಇದಕ್ಕ ಮೈಯಾಗ ಆರಾಮಿಲ್ಲೇನು?’ ಎಂದು ಕೇಳಿದರು. 2024ರ ಮಾರ್ಚಿನಲ್ಲಿ ಸರ್ಕಾರ ಗೋಬಿಗೆ ಕೃತಕ ಬಣ್ಣ ಹಾಕುವುದನ್ನು ನಿಷೇಧಿಸಿತೆಂದು ನಾನು ಹೇಳಿದೆ. ‘ಹಂಗಾದ್ರ ಇಷ್ಟು ದಿನ ನಾವು ತಿಂದಿದ್ದು ಬಣ್ಣನಾ?’ ಎಂದ ಕಾಕಾ ಉಳಿದ ತುಂಡುಗಳನ್ನು ನನ್ನ ತಾಟಿಗೆ ದಾಟಿಸಿದರು.

ಇನ್ನು ಅಸಲಿ ಪ್ರಸಂಗ. ಎಲ್ಲರೂ ನಾನ್, ಕುಲ್ಚಾ ಎನ್ನುತ್ತಿದ್ದರೆ ಕಾಕಾ ಕಾರ್ಡಿನ ಕೊನೆಯ ಸಾಲಿಗೆ ಬೆರಳಿಟ್ಟರು: ‘ಸ್ಪೆಷಲ್ ಜೋಳದ ರೊಟ್ಟಿ’. 2023ನ್ನು ವಿಶ್ವಸಂಸ್ಥೆ ಸಿರಿಧಾನ್ಯಗಳ ವರ್ಷವೆಂದು ಸಾರಿದ ಮೇಲೆ ಬೆಂಗಳೂರಿನಲ್ಲಿ ಜೋಳಕ್ಕೆ ದೊಡ್ಡಸ್ತಿಕೆ ಬಂದದ್ದೇನೋ ಸರಿ. ಮಣ್ಣಿನಲ್ಲೇ ಜೋಳವಿರುವ ಸುರಪುರದಲ್ಲೂ ಅದು ‘ಸ್ಪೆಷಲ್’ ಆಗಿ, ಬೆಣ್ಣೆ ಹಚ್ಚಿಕೊಂಡು, ಅರ್ಧಕ್ಕೆ ಮಡಚಿಕೊಂಡು ಬಂತು. ಕಾಕಾ ಒಂದು ತುತ್ತು ಮುರಿದು ‘ಒರಟಾಗ್ಯದ’ ಎಂದು ತೀರ್ಪು ಕೊಟ್ಟರು. ಅಲ್ಲಿಯವರೆಗೆ ಸುಮ್ಮನಿದ್ದ ಕಾಕಿ ಮುಖ ಎತ್ತಿದರು. ‘ನಲವತ್ತು ವರ್ಷ ನಾ ಬಡಿದಿದ್ದಕ್ಕ ಒಂದಿನಾ ಸ್ಪೆಷಲ್ ಅನ್ಲಿಲ್ಲ ನೀವು!’

ನಮ್ಮ ಗಂಡಸರ ವರಸೆಯೇ ಇದು. ಮನೆಯಲ್ಲಿ ರೊಟ್ಟಿ ಎದುರಿಟ್ಟರೆ ‘ದಿನಾ ಇದೇನಾ’ ಎನ್ನುತ್ತೇವೆ. ಹೋಟೆಲಿಗೆ ಹೋಗಿ ಅದನ್ನೇ ತರಿಸಿ ಮನೆಯ ರೊಟ್ಟಿಯನ್ನು ಹೊಗಳುತ್ತೇವೆ. ಹೆಂಗಸರು ಗಟ್ಟಿಗರು. ರೊಟ್ಟಿಯನ್ನು ಮೂಸಿಯೂ ನೋಡದೆ, ತಾವೆಂದೂ ಮಾಡದ್ದನ್ನೇ ಹುಡುಕಿ ಹೇಳುತ್ತಾರೆ. ಬಿಸಿಯಿದ್ದಾಗಲೇ ಉಣ್ಣುತ್ತಾರೆ. ನಡುವೆ ಎದ್ದು ಯಾರಿಗೂ ಬಡಿಸುವುದಿಲ್ಲ. ಮನೆಯಲ್ಲಿ ಎಲ್ಲರೂ ಕೈ ತೊಳೆದ ಮೇಲೆ ಕೂರುವ ಕಾಕಿ ಅಂದು ಎಲ್ಲರಿಗಿಂತ ಮೊದಲು ಕೂತು, ಎಲ್ಲರಿಗಿಂತ ನಿಧಾನಕ್ಕೆ ಉಂಡರು. ಸ್ಟೇಟಸ್ಸು, ಫೋಟೊ ಯಾವುದರ ಗೊಡವೆಯೂ ಇಲ್ಲದೆ, ಕೊಟ್ಟ ರೊಕ್ಕಕ್ಕೆ ಪೂರ್ತಿ ಸರಕು ಪಡೆದವರು ಅವರೊಬ್ಬರೇ.

ಬಿಲ್ಲು ಬಂತು, ಜೊತೆಗೆ ಸೋಂಪು, ಕಲ್ಲುಸಕ್ಕರೆ. ಇಲ್ಲಿಂದ ಮುಂದೆ ಪರದೆಗೆ ಕೆಲಸವಿಲ್ಲ. ‘ಏ ಬಿಡೋ, ನಾ ಕೊಡ್ತೀನಿ’, ‘ನೀವು ಹಿರೇರು ಸುಮ್ಕ ಕುಂಡ್ರಿ ಕಾಕಾ’, ‘ನನ್ನ ಆಣಿ ಅದ ನೋಡು’. ಕೈ ಕೈ ಹಿಡಿದು, ಕಿಸೆ ಕಿಸೆ ಹಿಡಿದು ಕೌಂಟರಿನವರೆಗೆ ಜಗ್ಗಾಟ. ಹೊರಗೆ ಗುರುತಿನವರಿದ್ದರಂತೂ ದನಿ ಇನ್ನೊಂದು ಪಟ್ಟಿ ಮೇಲೆ. ಇಷ್ಟು ಹೊತ್ತು ಮರೆಯಲ್ಲಿದ್ದ ಊಟ ಈಗ ಬಾಜಾ ಬಜಂತ್ರಿಯೊಡನೆ ಬೀದಿಗೆ ಬರುತ್ತದೆ. ಹಾಲಿನವನಿಗೆ ಸುದ್ದಿ ಮುಟ್ಟುವುದು ಹೀಗೆ. ಒಮ್ಮೊಮ್ಮೆ ಎಷ್ಟೇ ಆಣೆ ಹಾಕಿದರೂ ಎದುರಿನವರು ಕಿಸೆಯ ಕೈ ಬಿಟ್ಟುಬಿಡುತ್ತಾರೆ. ಅಂದು ನಾನು ಬಿಟ್ಟೆ.

ದಾರಿಯುದ್ದಕ್ಕೂ ಕಾಕಾ ಟೇಲರ್ ಸಾಹೇಬನ ಸ್ಮರಣೆಯಲ್ಲಿದ್ದರು. ಊರು ಹತ್ತಿರ ಬಂದಾಗ ಲೆಕ್ಕ ಮುಗಿಯಿತು. ‘ಅಲ್ಲೋ, ಇಷ್ಟ ರೊಕ್ಕದಾಗ ಇದನ್ನೆಲ್ಲಾ ಮನ್ಯಾಗ ಮಾಡಿದ್ರ ಹತ್ತು ಮಂದಿ ಉಣ್ತಿದ್ರು. ಮುಂದಿನ ಸಲ ಮನ್ಯಾಗೇ ಆಗ್ಲಿ.’

ಹಿಂದಿನ ಸೀಟಿನಿಂದ ಸೋಂಪು ಅಗಿಯುತ್ತ ಕಾಕಿ ಹೇಳಿದರು: ‘ಆಗ್ಲಿರಿ. ಅಡಗಿ ನೀವು ಮಾಡ್ರಿ, ಪರದಾ ನಾ ಕಟ್ತೀನಿ.’