ಫ್ಲಾಪಿ ಹಾಕಿ ರೈಲು ಬಿಡೋ ಊರು

ನೀವು ಕೇಳಿದ್ದು ನಿಜ ಅಕ್ಕಾ. ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಮಾರ್ಕೆಟ್ ಸ್ಟ್ರೀಟ್ ಕೆಳಗಿನ ಸುರಂಗಕ್ಕೆ ರೈಲು ಬಿಡೋ ಮುಂಚೆ ಬೆಳಿಗ್ಗೆ ಕಂಪ್ಯೂಟರಿಗೆ ಫ್ಲಾಪಿ ಹಾಕ್ತಾರೆ. ಐದೂಕಾಲು ಇಂಚಿನದು, ಹಿಂದೆ ಆಫೀಸುಗಳಲ್ಲಿ ಕಾಗದದ ಕವರಿನಲ್ಲಿ ಜೋಪಾನ ಮಾಡ್ತಿದ್ರಲ್ಲ, ಕೈಯಲ್ಲಿ ಬಳುಕೋ ಆ ಕಪ್ಪು ಚೌಕ. 1998ರಲ್ಲಿ ಕೂರಿಸಿದ ವ್ಯವಸ್ಥೆ ಅದು.

ಮಗಳ ಮನೆಗೆ ಹೋದಾಗ ಎನ್ ಜೂಡಾ ಲೈನಿನಲ್ಲಿ ಓಡಾಡ್ತಿದ್ದೆ. ಸಮುದ್ರದ ಕಡೆಯಿಂದ ಬರೋವಾಗ ಅದು ರಸ್ತೆ ಮೇಲೇ ಬರುತ್ತೆ. ಕಾರುಗಳ ನಡುವೆ, ಸ್ಟಾಪ್ ಬೋರ್ಡ್ ಕಂಡಲ್ಲಿ ನಿಂತು, ಡ್ರೈವರ್ ಕಣ್ಣಳತೆಯಲ್ಲೇ ಓಡಿಸ್ತಾರೆ. ಡ್ಯೂಬೋಸ್ ಹತ್ತಿರ ಸುರಂಗದ ಬಾಯಿಗೆ ಬಂದರೆ ಗಾಡಿ ಕಂಪ್ಯೂಟರ್ ಕೈಗೆ ಹೋಗುತ್ತೆ. ಹಳಿಗಳ ಮಧ್ಯೆ ಹಾಸಿದ ಕೇಬಲ್ ಮೂಲಕ ಅದು ಗಾಡಿ ಜೊತೆ ಮಾತಾಡುತ್ತೆ: ಇಷ್ಟು ವೇಗ, ಇಲ್ಲಿ ನಿಲ್ಲು, ಮುಂದಿನ ಗಾಡಿಗೆ ಇಷ್ಟು ಅಂತರ ಬಿಡು.

ಆ ಯಂತ್ರವನ್ನ ಹೀಗಳೆಯೋಕೆ ನನಗೆ ಮನಸ್ಸಿಲ್ಲ. ಅದು ಬರೋ ಮುಂಚೆ ಬೇರೆ ಬೇರೆ ಲೈನಿನ ಗಾಡಿಗಳನ್ನ ಸುರಂಗದ ಬಾಯಲ್ಲಿ ಒಂದಕ್ಕೊಂದು ಕೊಂಡಿ ಹಾಕಿ ಒಳಗೆ ಬಿಡ್ತಿದ್ರು. ಒಂದು ಬರೋದು ತಡವಾದರೆ ಇನ್ನೊಂದು ಕಾಯ್ಬೇಕಿತ್ತು. ಕಂಪ್ಯೂಟರ್ ಬಂದ ಮೇಲೆ ಗಾಡಿಗಳು ಬಿಡಿಬಿಡಿಯಾಗಿ, ಒಂದರ ಬೆನ್ನಿಗೆ ಒಂದು ಹೋಗೋ ಹಾಗಾಯ್ತು. ಶುರುವಿನ ಆಗಸ್ಟ್ ತಿಂಗಳಲ್ಲಿ ಊರೆಲ್ಲ ಪರದಾಡಿತ್ತು, ಆಮೇಲೆ ದಾರಿಗೆ ಬಂತು.

ಈಗಿನ ತೊಂದರೆ ಫ್ಲಾಪಿಗಿಂತ ಆ ಕೇಬಲ್ಲಿನದೇ ಜಾಸ್ತಿ. ಅದು ಸೂಕ್ಷ್ಮ, ಕೆಟ್ಟರೆ ರಿಪೇರಿ ಕಷ್ಟ. ಹಳೇ ಡಯಲ್-ಅಪ್ ಮೋಡೆಮ್ಮಿನಷ್ಟು ಮಾಹಿತಿಯನ್ನೂ ಸಾಗಿಸಲ್ಲ. ಆ ಕಾಲದ ಸಾಫ್ಟ್‌ವೇರ್ ಬಲ್ಲವರೂ ಒಬ್ಬೊಬ್ಬರಾಗಿ ರಿಟೈರ್ ಆಗ್ತಾರೆ. ಇಪ್ಪತ್ತು ಇಪ್ಪತ್ತೈದು ವರ್ಷ ಬಾಳಲಿ ಅಂತ ಮಾಡಿದ್ದು, ಅದರ ಆಯುಸ್ಸು ಮುಗಿದಿದೆ.

ಇದನ್ನ ಬದಲಾಯಿಸೋಕೆ 2024ರ ಅಕ್ಟೋಬರಿನಲ್ಲಿ ಹಿಟಾಚಿ ರೈಲ್‌ಗೆ 21.2 ಕೋಟಿ ಡಾಲರಿನ ಗುತ್ತಿಗೆ ಕೊಡೋಕೆ ಒಪ್ಪಿಗೆ ಸಿಕ್ಕಿತು. ಹೊಸದು ಬಂದ ಮೇಲೆ ವೈ-ಫೈ, ಮೊಬೈಲ್ ಸಿಗ್ನಲ್ಲಲ್ಲೇ ಮಾತುಕತೆ. ನನಗೆ ಸಮಾಧಾನ ತಂದದ್ದು ಇನ್ನೊಂದು ವಿಷಯ: ಹೊಸ ವ್ಯವಸ್ಥೆ ರಸ್ತೆ ಮೇಲಿನ ಹಳಿಗೂ ಬರುತ್ತಂತೆ. ರಸ್ತೆಯಲ್ಲಿ ಹಿಂದೆಮುಂದೆ ಆದ ಗಾಡಿಗಳೆಲ್ಲ ಒಟ್ಟಿಗೆ ಸುರಂಗದ ಬಾಯಿಗೆ ಬಂದು ಸಾಲು ನಿಂತರೆ ಒಳಗಿನ ಕಂಪ್ಯೂಟರ್ ಎಷ್ಟು ಜಾಣ ಆದರೇನು?

ಸೀಮೆನ್ಸ್‌ನ ಹೊಸ ಬೋಗಿಗಳು 2017ರಲ್ಲೇ ಓಡೋಕೆ ಶುರುವಾದವು, ಸಿಗ್ನಲ್ ಗುತ್ತಿಗೆಗೆ ಮತ್ತೆ ಏಳು ವರ್ಷ ಹಿಡಿಯಿತು. ಈ ಕ್ರಮ ತಪ್ಪು ಅನ್ನೋದೇ ನನ್ನ ಅಭಿಪ್ರಾಯ. ಬೋಗಿ ಎಲ್ಲರ ಕಣ್ಣಿಗೆ ಬೀಳುತ್ತೆ, ಸಿಗ್ನಲ್ ಯಾರ ಕಣ್ಣಿಗೂ ಬೀಳಲ್ಲ. ನಮ್ಮ ಮೆಟ್ರೋ ಓಡೋಕೆ ಶುರುವಾಗಿದ್ದು 2011ರಲ್ಲಿ. ಅದರ ಸಿಗ್ನಲ್ಲಿಗೂ ವಯಸ್ಸಾಗುತ್ತೆ, ದುಡ್ಡು ಈಗಿನಿಂದಲೇ ತೆಗೆದಿಡಿ ಅಂತ ನಾವೇ ಕೇಳಬೇಕು ಅಕ್ಕಾ.